ವಿಳಾಸವಿಲ್ಲದ ಹಂಗು

ನಮ್ಮೂರಿನ ಬಸ್ ಸ್ಟ್ಯಾಂಡಿನ ಎದುರು, ಬೇಕರಿಗೂ ಜೆರಾಕ್ಸ್ ಅಂಗಡಿಗೂ ನಡುವಿನ ಸಂದಿಯಂಥ ಜಾಗದಲ್ಲಿ ಒಂದು ಮೊಬೈಲ್ ಅಂಗಡಿ ಇತ್ತು. ಗಾಜಿನ ಮೇಲೆ ಸಿಮ್ ಕಂಪನಿಗಳ ಬಣ್ಣದ ಚೀಟಿಗಳು, ಅವುಗಳ ನಡುವೆ ಕೈಯಲ್ಲಿ ಬರೆದ ಒಂದು ಹಾಳೆ: ‘ಇಲ್ಲಿ ಹಾಡು ತುಂಬಿಸಿ ಕೊಡಲಾಗುವುದು.’ 2011ರಲ್ಲಿ ಅಮ್ಮನ ಫೋನಿನ 2 ಜಿಬಿ ಮೆಮೊರಿ ಕಾರ್ಡನ್ನು ಅಂಗೈಯಲ್ಲಿ ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ, ‘ಯಾವ್ದ್ ಹಾಕ್ಲಿ ಸಾರ್? ಹೊಸಾವಾ, ಹಳೇವಾ?’

‘ಭಾವಗೀತೆ ಇದ್ಯಾ?’

‘ಎಲ್ಲಾ ಐತೆ ಸಾರ್. ಒಂದ್ ಫೋಲ್ಡರ್ ಪೂರ್ತಿ ಐತೆ.’

ಮೂವತ್ತು ರೂಪಾಯಿಗೆ ಮುನ್ನೂರು ಚಿಲ್ಲರೆ ಹಾಡು ಕಾರ್ಡಿಗಿಳಿದವು. ಹಾಡೊಂದಕ್ಕೆ ಹತ್ತು ಪೈಸೆಯೂ ಬೀಳಲಿಲ್ಲ. ಅದೇ ವರ್ಷ ಸರ್ಕಾರ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನೆಲ್ಲ ಚಲಾವಣೆಯಿಂದ ತೆಗೆದಿತ್ತು. ಅಂದರೆ ಒಂದೇ ಒಂದು ಹಾಡು ಸಾಕು ಅಂತ ನಾನು ಪಟ್ಟು ಹಿಡಿದಿದ್ದರೂ ಅದರ ಬೆಲೆ ಕೊಡಲು ದೇಶದಲ್ಲಿ ನಾಣ್ಯವೇ ಇರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಕೊಟ್ಟೆ. ಮೊದಲ ಹಾಡು ಶುರುವಾಗಿ ಒಂದು ಸಾಲು ಮುಗಿಯುವಷ್ಟರಲ್ಲಿ ಆಕೆ ಕೇಳಿದಳು, ‘ಇದು ಯಾರ್ದೋ?’ ದನಿ ಯಾರದೆಂದು ಆಕೆಗೆ ಗೊತ್ತು. ಆಕೆ ಕೇಳಿದ್ದು ಕವಿಯನ್ನು. ನಾನು ಪರದೆ ನೋಡಿದೆ. ‘ಟ್ರ್ಯಾಕ್ 07. ಅನ್‌ನೋನ್ ಆರ್ಟಿಸ್ಟ್.’ ಮುಂದಿನ ಹಾಡಿಗೆ ಬಂದೆ. ಕವಿಯ ಹೆಸರಿರಬೇಕಾದ ಕಡೆ ಯಾವುದೋ ಜಾಲತಾಣದ ವಿಳಾಸ. ಅದರ ಮುಂದಿನದಕ್ಕೂ ಅದೇ ವಿಳಾಸ. ಮುನ್ನೂರು ಹಾಡುಗಳನ್ನು ಆ ಜಾಲತಾಣವೇ ಕೂತು ಬರೆದು, ರಾಗ ಹಾಕಿ, ಹಾಡಿದ ಹಾಗಿತ್ತು.

ಅಮ್ಮ ಆಕಾಶವಾಣಿ ಕೇಳಿ ಬೆಳೆದವಳು. ಅಲ್ಲಿ ಹಾಡಿಗಿಂತ ಮೊದಲು ಹೆಸರು ಬರುತ್ತಿತ್ತು: ರಚನೆ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು. ಆಮೇಲೆ ಕ್ಯಾಸೆಟ್ಟು ಬಂತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ವನ್ನು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅನ್ನುತ್ತಾರೆ. ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಮಡಚಿಟ್ಟ ಒಂದು ಕಾಗದ ಇರುತ್ತಿತ್ತು. ಎಷ್ಟು ಚಿಕ್ಕ ಅಕ್ಷರವಾದರೂ ಕವಿ, ಸಂಯೋಜಕ, ಗಾಯಕ, ಒಮ್ಮೊಮ್ಮೆ ತಬಲಾ, ಕೊಳಲು, ಪಿಟೀಲು ಎಲ್ಲರೂ ಆ ಕಾಗದದಲ್ಲಿ ಒತ್ತೊತ್ತಾಗಿ ಕೂತಿರುತ್ತಿದ್ದರು. ಕವಿತಾ ಸಂಕಲನವನ್ನು ಕೈಯಲ್ಲಿ ಹಿಡಿಯದ ಮನೆಗಳಿಗೂ ಕವಿಯ ಹೆಸರು ಹೋದದ್ದು ಹೀಗೆ. ಕ್ಯಾಸೆಟ್ಟನ್ನೂ ಜನ ನಕಲು ಮಾಡಿಕೊಳ್ಳುತ್ತಿದ್ದರು, ನಾವೂ ಮಾಡಿದ್ದೇವೆ. ಆದರೆ ಖಾಲಿ ಕ್ಯಾಸೆಟ್ಟಿನ ಮೇಲೆ ಅಪ್ಪ ನೀಲಿ ಪೆನ್ನಿನಲ್ಲಿ ಎ ಕಡೆ, ಬಿ ಕಡೆ ಅಂತ ಗೆರೆ ಎಳೆದು ಹೆಸರುಗಳನ್ನೂ ನಕಲು ಮಾಡುತ್ತಿದ್ದರು. ನಕಲು ಮಾಡುವವನಿಗೂ ಒಂದು ಶಿಸ್ತು ಇತ್ತು ಅಂತ ಈಗ ನಗು ಬರುತ್ತದೆ.

ಫೈಲು ಹಂಚಿಕೆ ಸಂಗೀತದ ವ್ಯಾಪಾರವನ್ನು ಏನು ಮಾಡಿತು ಅನ್ನುವ ಪ್ರಶ್ನೆಗೆ ಎಲ್ಲರೂ ದುಡ್ಡಿನ ಲೆಕ್ಕ ಹೇಳುತ್ತಾರೆ. ನನಗೆ ಮಾತ್ರ ಆ ‘ಅನ್‌ನೋನ್ ಆರ್ಟಿಸ್ಟ್’ ಇವತ್ತಿಗೂ ಚುಚ್ಚುತ್ತದೆ. ಆ ಹೆಸರು ಎಲ್ಲಿ ಬಿದ್ದುಹೋಯಿತು ಅಂತ ಹುಡುಕಿಕೊಂಡು ಹೋದರೆ ಜರ್ಮನಿಯ ಎರ್ಲಾಂಗನ್ ತಲುಪುತ್ತೇವೆ.

ಎಂಪಿ3 ಹುಟ್ಟಿದ್ದು ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ. ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಜೊತೆಗಾರರು ಹಿಡಿದ ದಾರಿ ಸರಳವಾದದ್ದು, ಚತುರವಾದದ್ದು: ಮನುಷ್ಯನ ಕಿವಿಗೆ ಹೇಗೂ ಕೇಳಿಸದ್ದನ್ನು ತೆಗೆದು ಬಿಸಾಡುವುದು. ಡೊಳ್ಳಿನ ಪೆಟ್ಟು ಬಿದ್ದ ಕ್ಷಣದಲ್ಲಿ ಅದರ ಪಕ್ಕದ ಸಣ್ಣ ದನಿ ಕಿವಿಗೆ ಬೀಳುವುದಿಲ್ಲ. ಬೀಳದ್ದನ್ನು ಯಾಕೆ ಹೊರಬೇಕು? ಹೀಗೆ ಸೋಸಿ ಸೋಸಿ ಸಿ.ಡಿ.ಯಲ್ಲಿ ಮೂವತ್ತು ಎಂಬಿ ಹಿಡಿಯುವ ಮೂರು ನಿಮಿಷದ ಹಾಡನ್ನು ಮೂರು ಎಂಬಿಗೆ ಇಳಿಸಿದರು. ಸುಝಾನ್ ವೇಗಾ ಎಂಬ ಗಾಯಕಿ ವಾದ್ಯಗಳಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಅವರ ಅಗ್ನಿಪರೀಕ್ಷೆಯಾಗಿತ್ತು. ವಾದ್ಯದ ಮರೆ ಇಲ್ಲದ ಬರಿಯ ಮನುಷ್ಯನ ದನಿಯಲ್ಲಿ ಏನನ್ನು ಕದ್ದರೂ ಕಿವಿ ಹಿಡಿದುಬಿಡುತ್ತಿತ್ತಂತೆ.

ಆದರೆ ಈ ಫೈಲಿನಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬ ಪ್ರೋಗ್ರಾಮರು ಫೈಲಿನ ಬಾಲಕ್ಕೆ 128 ಬೈಟುಗಳ ಒಂದು ಚೀಟಿ ಕಟ್ಟುವ ಉಪಾಯ ಹುಡುಕಿದರು. ಹಾಡಿನ ಹೆಸರಿಗೆ 30 ಬೈಟು, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30, ಹಾಡಿನ ಜಾತಿಗೆ 1. ಇದು ಚೀಟಿ ಎಂದು ಗುರುತಿಸಲು ಉಳಿದ 3. ಲೆಕ್ಕ ಮುಗಿಯಿತು. ಬರೆದವರಿಗೆ ಕೋಣೆ ಇಲ್ಲ, ರಾಗ ಹಾಕಿದವರಿಗೆ ಕೋಣೆ ಇಲ್ಲ. ಜಾತಿಗಳ ಮೊದಲ ಪಟ್ಟಿಯಲ್ಲಿ ಎಂಬತ್ತು ಬಗೆಯ ಸಂಗೀತ ಇದ್ದವು. ಪೋಲ್ಕಾಕ್ಕೂ ಜಾಗ ಸಿಕ್ಕಿತ್ತು. ಕರ್ನಾಟಕ ಸಂಗೀತಕ್ಕೆ ಸಿಗಲಿಲ್ಲ, ಭಾವಗೀತೆಯ ಮಾತು ಬಿಡಿ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಹಾಡುವವನೇ ಹಾಡು ಕಟ್ಟುವ ರಾಕ್ ಸಂಗೀತದ ನಾಡಿನವರು ತಮ್ಮ ಅಳತೆಗೆ ಹೊಲಿದ ಅಂಗಿ ಅದು. ಕವಿಯೊಬ್ಬ, ರಾಗ ಹಾಕುವವನೊಬ್ಬ, ಹಾಡುವವನೊಬ್ಬ ಇರುವ ನಮ್ಮ ಹಾಡು ಅದನ್ನು ತೊಟ್ಟುಕೊಂಡಿತು, ಎರಡು ತೋಳು ಹೊರಗೇ ಉಳಿದವು. ಮುಂದೆ ಬಂದ ದೊಡ್ಡ ಚೀಟಿಯಲ್ಲಿ ಕವಿಗೂ ಸಂಯೋಜಕರಿಗೂ ಕೋಣೆ ಮಾಡಿದರು. ಅಷ್ಟು ಹೊತ್ತಿಗೆ ತುಂಬಿಸುವ ರೂಢಿ ಹೋಗಿತ್ತು.

1999ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಶಾನ್ ಫ್ಯಾನಿಂಗ್ ಎಂಬ ಹುಡುಗ ನ್ಯಾಪ್‌ಸ್ಟರ್ ಕಟ್ಟಿದ. ಹಾಡುಗಳು ಇದ್ದದ್ದು ಬಳಸುವವರ ಕಂಪ್ಯೂಟರುಗಳಲ್ಲೇ. ಯಾರ ಬಳಿ ಏನಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಯಂತ್ರದಲ್ಲಿ. ಆ ಪಟ್ಟಿಯೇ ಕೋರ್ಟಿನಲ್ಲಿ ಅದಕ್ಕೆ ಮುಳುವಾಯಿತು, 2001ರ ಜುಲೈಯಲ್ಲಿ ಅಂಗಡಿ ಮುಚ್ಚಿತು. ಈ ಕಥೆ ಬಹಳ ಜನ ಹೇಳಿದ್ದಾರೆ. ನನ್ನ ಕಣ್ಣು ನಿಲ್ಲುವುದು ನಡುವಿನ ಒಂದು ದೃಶ್ಯದ ಮೇಲೆ. 2000ದ ಮೇ ತಿಂಗಳಲ್ಲಿ ಮೆಟಾಲಿಕಾ ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಪೆಟ್ಟಿಗೆಗಟ್ಟಲೆ ಕಾಗದ ಹೊರಿಸಿಕೊಂಡು ನ್ಯಾಪ್‌ಸ್ಟರ್ ಕಚೇರಿಗೆ ಬಂದರು. ತಮ್ಮ ಹಾಡುಗಳನ್ನು ಹಂಚುತ್ತಿದ್ದ ಮೂರು ಲಕ್ಷ ಮೂವತ್ತೈದು ಸಾವಿರದಷ್ಟು ಬಳಕೆದಾರರ ಹೆಸರು ಆ ಕಾಗದಗಳಲ್ಲಿದ್ದವು. ಹೆಸರು ಅಂದರೆ ಅಡ್ಡಹೆಸರು. ಯಾರೂ ಅಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಹೋಗುತ್ತಿರಲಿಲ್ಲ. ನ್ಯಾಪ್‌ಸ್ಟರ್ ಎಂಬುದೇ ಫ್ಯಾನಿಂಗನ ಅಡ್ಡಹೆಸರು. ಒಂದು ಕಡೆ ಹೆಸರು ಕಳಚಿಕೊಂಡ ಹಾಡುಗಳು, ಇನ್ನೊಂದು ಕಡೆ ಹೆಸರು ಬಚ್ಚಿಟ್ಟ ಕೇಳುಗರು. ಹಾಡು ಕಟ್ಟಿದವನು ತನ್ನ ಕೇಳುಗರು ಯಾರೆಂದು ಹುಡುಕಿಕೊಂಡು ಹೊರಟದ್ದು ಕೊನೆಗೂ ಆಪಾದಿತರ ಪಟ್ಟಿ ಮಾಡುವುದಕ್ಕೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಧ್ವನಿಮುದ್ರಿತ ಸಂಗೀತದ ವಹಿವಾಟು 1999ರಲ್ಲಿ ಸುಮಾರು 1,460 ಕೋಟಿ ಡಾಲರ್ ಇತ್ತು. 2014ರ ಹೊತ್ತಿಗೆ 700 ಕೋಟಿಗಿಂತ ಕೆಳಗೆ ಬಂದಿತ್ತು. ಇದಕ್ಕೆಲ್ಲ ಹಂಚಿಕೆಯೇ ಕಾರಣ ಎಂದು ಕಂಪನಿಗಳು ಹೇಳಿದವು. 2007ರಲ್ಲಿ ಒಬರ್‌ಹೋಲ್ಟ್ಸರ್-ಗೀ ಮತ್ತು ಸ್ಟ್ರಂಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಡೌನ್‌ಲೋಡಿನಿಂದ ಆಲ್ಬಮ್ ಮಾರಾಟಕ್ಕೆ ಬಿದ್ದ ಹೊಡೆತ ಲೆಕ್ಕಕ್ಕೆ ಸಿಗದಷ್ಟು ಸಣ್ಣದು ಎಂದು ಬರೆದರು. ಅದನ್ನು ಒಪ್ಪದ ಅರ್ಥಶಾಸ್ತ್ರಜ್ಞರೇ ಹೆಚ್ಚು. ಹಂಚಿಕೊಂಡ ಪ್ರತಿ ಹಾಡೂ ಮಾರಾಟವಾಗದೆ ಹೋದ ಒಂದು ಕ್ಯಾಸೆಟ್ಟು ಎಂದು ಎಣಿಸುವುದು, ಜಾತ್ರೆಯಲ್ಲಿ ಪುಕ್ಕಟೆ ಪಾನಕ ಕುಡಿದವರೆಲ್ಲ ದುಡ್ಡು ಕೊಟ್ಟೇ ಕುಡಿಯುತ್ತಿದ್ದರು ಅಂದುಕೊಂಡ ಹಾಗೆ. ಹಾಗಂತ ಹೊಡೆತವೇ ಬೀಳಲಿಲ್ಲ ಎನ್ನುವುದಕ್ಕೂ ನನ್ನ ನಾಲಿಗೆ ಏಳುವುದಿಲ್ಲ. ಬೀದಿಗೊಂದು ಇದ್ದ ಕ್ಯಾಸೆಟ್ಟಿನ ಅಂಗಡಿಗಳು ಎಲ್ಲಿ ಹೋದವು ಅನ್ನುವುದನ್ನು ನಾವೆಲ್ಲ ನೋಡಿದ್ದೇವೆ.

ಇದು ಕಳ್ಳತನವೇ? ಕಳವಾದ ವಸ್ತು ಕಳೆದುಕೊಂಡವನ ಮನೆಯಲ್ಲಿ ಇರಬಾರದು. ಇಲ್ಲಿ ಅದು ಇದ್ದಲ್ಲೇ ಇದೆ. ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲೇ, ಎಲ್ವಿಸ್ ಪ್ರೀಸ್ಲಿ ಹಾಡುಗಳ ಅನಧಿಕೃತ ತಟ್ಟೆಗಳ ಮೊಕದ್ದಮೆಯಲ್ಲಿ, ಕೃತಿಸ್ವಾಮ್ಯದ ಉಲ್ಲಂಘನೆಯನ್ನು ಕದ್ದ ಮಾಲಿನ ಕಾಯ್ದೆಯೊಳಗೆ ತರಲಾಗದು ಎಂದಿತ್ತು. ಆದರೂ ಮಿನಸೋಟ ರಾಜ್ಯದ ಒಬ್ಬ ಹೆಣ್ಣುಮಗಳಿಗೆ 24 ಹಾಡು ಹಂಚಿದ್ದಕ್ಕೆ 2009ರಲ್ಲಿ ಜ್ಯೂರಿ 19 ಲಕ್ಷ 20 ಸಾವಿರ ಡಾಲರ್ ದಂಡ ಹಾಕಿತು. ಮೇಲಿನ ಕೋರ್ಟಿನಲ್ಲಿ ಅದು ಕೊನೆಗೆ 2 ಲಕ್ಷ 22 ಸಾವಿರಕ್ಕೆ ನಿಂತಿತು. ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು. ಈಗ ಆ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಆಸಿಡ್ ಎರಚುವವರು, ಭೂಗಳ್ಳರು, ಆಡಿಯೊ ನಕಲಿಗಾರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ; ವಿಚಾರಣೆ ಇಲ್ಲದೆ ಹನ್ನೆರಡು ತಿಂಗಳವರೆಗೆ ಒಳಗಿಡಬಹುದು. ಜೆರಾಕ್ಸ್ ಅಂಗಡಿ ಪಕ್ಕದ ಆ ಹುಡುಗನ ಮುಖವನ್ನು ಆ ಸಾಲಿನಲ್ಲಿ ಇಟ್ಟು ನೋಡಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಕೂರುವುದಿಲ್ಲ.

ಕಳ್ಳತನ ಎಂಬ ಮಾತು ಇಲ್ಲಿ ಒದಗದೆ ಇದ್ದಾಗ ಕನ್ನಡದಲ್ಲಿ ನನಗೆ ಸಿಗುವ ಇನ್ನೊಂದು ಮಾತು ‘ಹಂಗು’. ಸಾಲ ಅಲ್ಲ, ಉಪಕಾರ ಅಲ್ಲ, ಅವೆರಡರ ನಡುವೆ ಎದೆಯ ಮೇಲೆ ಕೂರುವ ಒಂದು ಭಾರ. ದುಡ್ಡು ಕೊಟ್ಟು ಕ್ಯಾಸೆಟ್ಟು ತಂದರೆ ಹಂಗು ಅಲ್ಲಿಗೆ ಹರಿಯಿತು, ನಾನು ಯಾರಿಗೂ ಬಾಧ್ಯನಲ್ಲ. ಪುಕ್ಕಟೆ ಬಂದ ಹಾಡಿನಲ್ಲಿ ಮಾತ್ರ ಹಂಗು ಹಾಗೇ ಉಳಿಯುತ್ತದೆ. ಅದು ಯಾರ ಹಂಗು? ಅಮ್ಮ ಆ ಭಾವಗೀತೆ ಕೇಳುತ್ತ ಸಂಜೆಯ ಕಾಫಿ ಮರೆತು ಕೂತದ್ದನ್ನು ನೋಡಿದ್ದೇನೆ. ಯಾರೋ ಆಕೆಗೆ ಏನನ್ನೋ ಕೊಟ್ಟಿದ್ದಾರೆ, ಕೊಟ್ಟವರು ‘ಅನ್‌ನೋನ್ ಆರ್ಟಿಸ್ಟ್’. ತೀರಿಸಬೇಕು ಅನ್ನಿಸಿದರೂ ತೀರಿಸಲು ಮನೆ ಬಾಗಿಲು ಗೊತ್ತಿಲ್ಲ. ಬೆಲೆ ಇಲ್ಲದ ಹಾಡಿನಿಂದ ನನಗೆ ಬೇಜಾರಿಲ್ಲ, ವಿಳಾಸವಿಲ್ಲದ ಹಂಗಿನಿಂದ ಇದೆ.

ನಮ್ಮ ಹಾಡುಗಳಿಗೆ ಪುಕ್ಕಟೆ ಸಂಚಾರ ಹೊಸದೇನಲ್ಲ. ದಾಸರ ಪದಗಳು, ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಅಂಕೆಯಿಲ್ಲದೆ ನಕಲಾದವು. ಆದರೆ ಅವರು ಒಂದು ಜಾಣತನ ಮಾಡಿದ್ದರು: ಚೀಟಿಯನ್ನು ಬಾಲಕ್ಕೆ ಕಟ್ಟಲಿಲ್ಲ, ಹಾಡಿನ ಮೈಯೊಳಗೇ ನೇಯ್ದರು. ಪುರಂದರವಿಠಲ ಬರದೆ ಪದ ಮುಗಿಯುವುದಿಲ್ಲ, ಕೂಡಲಸಂಗಮದೇವ ಇಲ್ಲದೆ ಬಸವಣ್ಣನ ವಚನ ನಿಲ್ಲುವುದಿಲ್ಲ. ಅಂಕಿತ ಕಿತ್ತರೆ ಹಾಡು ಹರಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಗ್ಗಾವಿಯ ಸೀಮೆಯಲ್ಲಿ ಹಾಡಿಕೊಂಡಿದ್ದ ಶಿಶುನಾಳ ಶರೀಫರ ಪದಗಳು ಭಜನೆಯವರ ಬಾಯಲ್ಲಿ ಉಳಿದು, ಸಿ. ಅಶ್ವಥ್ ದನಿಯಲ್ಲಿ ಕ್ಯಾಸೆಟ್ಟಾಗಿ, ಕೊನೆಗೆ ಆ ಹುಡುಗನ ಫೋಲ್ಡರಿನಲ್ಲಿ ‘ಟ್ರ್ಯಾಕ್ 11’ ಆಗಿ ಅಮ್ಮನ ಫೋನಿಗೆ ಬಂದವು. ಚೀಟಿಯ ಕೋಣೆ ಖಾಲಿ. ಕೊನೆಯ ನುಡಿಯಲ್ಲಿ ಮಾತ್ರ ಶಿಶುನಾಳಧೀಶ ಕೂತಿದ್ದ, ಯಾವ ಜಾಲತಾಣವೂ ಅವನನ್ನು ಎಬ್ಬಿಸಲಾಗಿರಲಿಲ್ಲ.

ಇಲ್ಲಿಗೆ ಬಂದಾಗ ನನ್ನ ವಾದ ನನ್ನ ಕೈಯಲ್ಲೇ ತಿರುಗುತ್ತದೆ. ಅಂಕಿತ ಕವಿಯ ಹೆಸರಲ್ಲವಲ್ಲ! ಅದು ದೇವರ ಹೆಸರು. ದಾಸರಾದರೆ ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ, ಗುರು ಕೊಡಬೇಕು. ಹಾಡಿನ ಒಡೆಯ ನಾನಲ್ಲ ಎಂದು ಹೇಳುವುದಕ್ಕೆ ಇಟ್ಟ ರುಜು ಅದು. ನಾವು ಅದನ್ನು ನೋಡಿ ಬರೆದವನನ್ನು ಗುರುತಿಸುತ್ತೇವೆ ಅನ್ನುವುದು ನಮ್ಮ ಅನುಕೂಲ. ಹಾಗಾದರೆ ಹಂಗು ಯಾರಿಗೆ ಸಲ್ಲಬೇಕು? ದಾಸರು ಅದಕ್ಕೊಂದು ಏರ್ಪಾಟು ಮಾಡಿಕೊಂಡಿದ್ದರು. ಕಾಲಿಗೆ ಗೆಜ್ಜೆ, ಕೈಗೆ ತಂಬೂರಿ, ಹೆಗಲಿಗೆ ಜೋಳಿಗೆ. ಹಾಡಿನ ಒಡೆತನ ವಿಠಲನದು, ಹೊಟ್ಟೆ ದಾಸನದು. ಬಾಗಿಲಿಗೆ ಬಂದವನ ಜೋಳಿಗೆಗೆ ಒಂದು ಹಿಡಿ ಅಕ್ಕಿ ಬಿತ್ತು. ಒಡೆತನವನ್ನೂ ಊಟವನ್ನೂ ಅವರು ಬೇರೆ ಬೇರೆ ಇಟ್ಟಿದ್ದರು. ಪುರಂದರದಾಸರು ಪೂರ್ವಾಶ್ರಮದಲ್ಲಿ ಲೇವಾದೇವಿಯ ದೊಡ್ಡ ಶ್ರೀಮಂತರಾಗಿದ್ದರು ಎಂದು ಕಥೆಯಿದೆ. ಅಂಥವರೇ ಜೋಳಿಗೆ ಹಿಡಿದದ್ದನ್ನು ನೆನೆದಾಗ, ಈ ಏರ್ಪಾಟು ವ್ಯಾಪಾರ ತಿಳಿಯದವರು ಮಾಡಿದ್ದಲ್ಲ ಅನ್ನಿಸುತ್ತದೆ. ಜೋಳಿಗೆಗೂ ಒಂದು ಷರತ್ತಿತ್ತು: ಹಾಡುವವನು ಬಾಗಿಲಲ್ಲಿ ನಿಂತಿರಬೇಕು. ಫೈಲು ಬಾಗಿಲಲ್ಲಿ ನಿಲ್ಲುವುದಿಲ್ಲ.

ಸಿನಿಮಾ ಮತ್ತು ಕಂಪನಿಗಳ ಕಾಲ ಇದಕ್ಕೆ ಉಲ್ಟಾ ಏರ್ಪಾಟು ಮಾಡಿತು: ಒಡೆತನ, ಊಟ ಎರಡನ್ನೂ ಒಂದೇ ಕಡೆ ಕಟ್ಟಿ, ಆ ಗಂಟನ್ನು ನಿರ್ಮಾಪಕನಿಗೆ ಕೊಟ್ಟಿತು. ಚಿತ್ರಕ್ಕೆಂದು ಸಂಭಾವನೆ ಕೊಟ್ಟು ಬರೆಸಿದ ಹಾಡಿನ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನೇ ಎಂದು 1977ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಅಡಿಟಿಪ್ಪಣಿ ಸೇರಿಸಿ, ಹಾಡುವವನಿಗೆ ಕಾನೂನಿನಲ್ಲಿ ಏನೂ ಹಕ್ಕಿಲ್ಲದಿರುವುದು ಈ ದೇಶದ ಗುಣಕ್ಕೇ ಹೊಂದದ್ದು ಎಂದು ಮರುಗಿದರು. ಗಾಯಕರಿಗೆ ಹಕ್ಕು ಬಂದದ್ದು 1994ರಲ್ಲಿ. ಗೀತರಚನೆಕಾರರೂ ಸಂಯೋಜಕರೂ ಬಿಟ್ಟುಕೊಡಲಾಗದ ರಾಯಧನದ ಹಕ್ಕು ಪಡೆದದ್ದು, ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಹಟ ಹಿಡಿದ ಮೇಲೆ, 2012ರಲ್ಲಿ. ಹಾಗಾಗಿ 2011ರಲ್ಲಿ ನಾನು ಮೂವತ್ತು ರೂಪಾಯಿಗೆ ಹಾಡು ತುಂಬಿಸಿಕೊಂಡು ಬಂದಾಗ ನನ್ನಿಂದ ಯಾರಿಗೆ ನಷ್ಟವಾಯಿತು ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಕಂಪನಿಗೆ ಆಯಿತು, ನಿಜ. ಸಿನಿಮಾ ಕವಿಯ ಪಾಲು ಬಹಳ ಸಲ ಮುಂಗಡವಾಗಿಯೇ, ಒಂದೇ ಚೆಕ್ಕಿನಲ್ಲಿ, ಮುಗಿದುಹೋಗಿರುತ್ತಿತ್ತು. ಅವನ ಬಳಿ ಉಳಿದಿದ್ದದ್ದು ಕ್ಯಾಸೆಟ್ಟಿನ ಮಡಚಿದ ಕಾಗದದಲ್ಲಿದ್ದ ಹೆಸರೊಂದೇ. ಫೈಲು ಹೋಗಿ ಹೋಗಿ ಅದನ್ನೇ ಕಿತ್ತುಕೊಂಡಿತು.

ಹಂಚಿಕೆಯ ಗುಣವೇ ಹೆಸರು ನುಂಗುವುದು ಎಂದು ಇಲ್ಲಿ ಬರೆದುಬಿಡಬಹುದಿತ್ತು, ಆದರೆ ಕರಾವಳಿಯ ಒಬ್ಬ ಗೆಳೆಯ ಅದಕ್ಕೆ ಅಡ್ಡ ನಿಂತಿದ್ದಾನೆ. ಅವನ ಹತ್ತಿರ ಯಕ್ಷಗಾನದ ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರ ಹಾಡುಗಳ ರಾಶಿಯೇ ಇದೆ. ನಾವಡರು 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಡೇರೆಯ ಮೂಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ರಾತ್ರಿಯಿಡೀ ನಿದ್ದೆಗೆಟ್ಟ ಅಭಿಮಾನಿಗಳಿಲ್ಲದಿದ್ದರೆ ಆ ಕಂಠದ ಎಷ್ಟೋ ಇರುಳುಗಳು ಇವತ್ತು ಇರುತ್ತಿರಲಿಲ್ಲ. ಆ ಟೇಪುಗಳು ನಕಲಾಗಿ, ಎಂಪಿ3 ಆಗಿ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ, ವಾಟ್ಸ್ಆ್ಯಪಿನಿಂದ ದುಬೈ, ಮಸ್ಕತ್ತಿನ ಕೋಣೆಗಳಿಗೆ ಹೋಗಿವೆ. ಯಾರೂ ಯಾರಿಗೂ ದುಡ್ಡು ಕೊಟ್ಟಿಲ್ಲ. ಗೆಳೆಯನ ಫೈಲುಗಳ ಹೆಸರು ನೋಡಿದರೆ ಮಾತ್ರ ಕಣ್ಣು ತುಂಬುತ್ತದೆ. ಪ್ರಸಂಗ ಯಾವುದು, ಮೇಳ ಯಾವುದು, ಯಾವ ಊರಿನ ಯಾವ ಗದ್ದೆಯಲ್ಲಿ ಆಟ, ಯಾವ ತಿಂಗಳು, ಮದ್ದಲೆ ಯಾರದು, ಚೆಂಡೆ ಯಾರದು, ಟೇಪು ಯಾರ ಮನೆಯಿಂದ ಬಂತು. ಯಾವ ಕಂಪನಿಯ ಕ್ಯಾಸೆಟ್ಟಿನ ಕಾಗದದಲ್ಲೂ ಇಷ್ಟು ಇರುತ್ತಿರಲಿಲ್ಲ. ‘ಮದ್ದಲೆಯವರ ಹೆಸರು ಹಾಕದೆ ಕಳಿಸಿದರೆ ಗ್ರೂಪಿನಲ್ಲಿ ಬೈತಾರೆ ಮಾರಾಯ’ ಅಂದ ಅವನು. ಬೈಯುವವರು ಇರುವ ಕಡೆ ಹೆಸರು ಉಳಿಯುತ್ತದೆ ಅಂತ ಕಾಣುತ್ತದೆ.

ಈಗ ಅಂಗಡಿಯ ಹುಡುಗನೂ ಇಲ್ಲ, ಕಾರ್ಡಿನ ಕಾಲವೂ ಇಲ್ಲ. 2016ರ ನಂತರ ಡೇಟಾ ಅಗ್ಗವಾಯಿತು, ಹಾಡು ತುಂಬಿಸಿಕೊಳ್ಳುವ ಅಗತ್ಯವೇ ಹೋಯಿತು. ಎಲ್ಲವೂ ಕಾನೂನಿನೊಳಗೆ ಹರಿದು ಬರುತ್ತಿದೆ. ನಾನೂ ತಿಂಗಳಿಗಿಷ್ಟು ಅಂತ ಕಟ್ಟುತ್ತೇನೆ. ಹಂಗು ಹರಿಯಿತೇ ಅಂದರೆ, ಇಲ್ಲ. ಸ್ಪಾಟಿಫೈಯಂಥವು ನನ್ನ ದುಡ್ಡನ್ನು ನಾನು ಕೇಳಿದವರಿಗೇ ಮುಟ್ಟಿಸುವುದಿಲ್ಲ. ಎಲ್ಲರ ದುಡ್ಡೂ ಒಂದು ಕೊಪ್ಪರಿಗೆಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುತ್ತದೆ. ತಿಂಗಳೆಲ್ಲ ನಾನು ಒಬ್ಬ ಹಳೆಯ ಸುಗಮ ಸಂಗೀತದ ಗಾಯಕಿಯನ್ನೇ ಕೇಳಿದರೂ ನನ್ನ ರೂಪಾಯಿಯ ಬಹುಪಾಲು ನಾನು ಕೇಳದ ಯಾರದೋ ಜೋಳಿಗೆಗೆ ಬೀಳುತ್ತದೆ. 2024ರಿಂದ ಇನ್ನೊಂದು ನಿಯಮ ಸೇರಿದೆ: ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಸ್ಪಾಟಿಫೈಯಲ್ಲಿ ಏನೂ ಸಿಗುವುದಿಲ್ಲ. ನಮ್ಮ ಎಷ್ಟು ಭಾವಗೀತೆಗಳು ಆ ಗೆರೆಯ ಕೆಳಗಿವೆಯೋ. ಹೆಸರಿನ ಕಥೆಯೂ ಅಷ್ಟಕ್ಕಷ್ಟೆ. 2020ರಲ್ಲಿ ಹಿಂದಿಯ ಗೀತರಚನೆಕಾರರು ಒಟ್ಟಾಗಿ ‘ಕ್ರೆಡಿಟ್ ದೇ ದೋ ಯಾರ್’ ಎಂದು ಒಂದು ಹಾಡನ್ನೇ ಕಟ್ಟಿ ಬೇಡಬೇಕಾಯಿತು. ಕೇಳಿದ್ದು ದುಡ್ಡನ್ನಲ್ಲ, ಪರದೆಯ ಮೇಲೆ ಹೆಸರನ್ನು.

ಕಳೆದ ಮಳೆಗಾಲದಲ್ಲಿ ಅಮ್ಮನ ಹಳೆಯ ಕಾರ್ಡು ಸಿಕ್ಕಿತು. ಆ ಚೀಟಿಗಳನ್ನು ತಿದ್ದುವ ಒಂದು ಸಾಫ್ಟ್‌ವೇರು ಹಾಕಿಕೊಂಡು ಸಂಜೆ ಹೊತ್ತು ಕೂರುತ್ತೇನೆ. ಜಾಲತಾಣದ ವಿಳಾಸ ಅಳಿಸುವುದು, ಕವಿಯ ಹೆಸರು ತುಂಬುವುದು. ದನಿ ನನಗೆ ಗೊತ್ತು, ಕವಿಯನ್ನು ಅಮ್ಮ ಹೇಳುತ್ತಾಳೆ, ಅನುಮಾನ ಬಂದರೆ ಸಂಕಲನ ತೆಗೆದು ನೋಡುತ್ತೇವೆ. ಶರೀಫರ ಹಾಡಿಗೆ ಬಂದಾಗ, ‘ಅದಕ್ಕೆ ಯಾಕೋ, ಹಾಡಲ್ಲೇ ಇದ್ಯಲ್ಲ’ ಅಂದಳು. ಬಿಟ್ಟೆ. ಏಳನೆಯ ಹಾಡಿನಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇವೆ. ಕವಿ ಸಿಕ್ಕರು, ಸಂಯೋಜಕರು ಸಿಕ್ಕರು. ಎರಡನೆಯ ಚರಣಕ್ಕೆ ಮೊದಲು ಒಂದು ಕೊಳಲು ಬರುತ್ತದೆ, ಹತ್ತು ಸೆಕೆಂಡು ಇರಬಹುದು. ಅಮ್ಮ ಕಾಫಿ ಮರೆತದ್ದು ಅಲ್ಲೇ. ಕ್ಯಾಸೆಟ್ಟಿನ ಡಬ್ಬಿ ಹುಡುಕಿದೆವು, ಕಾಗದ ಇರಲಿಲ್ಲ. ಹಿಂದೆ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ, ಈಗ ಅದೇ ಜಾಗದಲ್ಲಿ ಫೋನಿನ ಕವರ್ ಮಾರುವ ಯಜಮಾನರನ್ನು ಹೋಗಿ ಕೇಳಿದೆ. ಕ್ಯಾಸೆಟ್ಟಿನ ಬೆಲೆ ಹೇಳಿದರು, ಹೊದಿಕೆಯ ಬಣ್ಣ ಹೇಳಿದರು, ಯುಗಾದಿಯ ವಾರದಲ್ಲಿ ಎಷ್ಟು ಖರ್ಚಾಯಿತೆಂದೂ ಹೇಳಿದರು. ಫೋನನ್ನು ಕಿವಿಗೆ ಹಿಡಿದು ಆ ಹತ್ತು ಸೆಕೆಂಡನ್ನು ಮೂರು ಸಲ ಕೇಳಿದರು. ‘ಕೊಳಲು...’ ಅಂದು ತಲೆ ಆಡಿಸಿ, ಇನ್ನೊಮ್ಮೆ ಹಾಕು ಅನ್ನುವಂತೆ ಕೈ ಸನ್ನೆ ಮಾಡಿದರು.